ಬಾಯಿ ತುಂಬ ನೀರು ಹಿಡಿದು ಓದಿದ ತರಗತಿ

ಕಂಚಿನ ಮೇಡಂ ಅವರ ಮುತ್ತಜ್ಜ ಡಂಗುರ ಸಾರುತ್ತಿದ್ದವರು. ಊರಿನ ಈ ತುದಿಯ ಬಾವಿಕಟ್ಟೆಯ ಮೇಲೆ ನಿಂತು ಬಾಯಿ ತೆರೆದರೆ ಆ ತುದಿಯಲ್ಲಿ ತೊಟ್ಟಿಲ ಕೂಸು ಬೆಚ್ಚಿ ಏಳುತ್ತಿತ್ತಂತೆ. ಹೊಳೆ ಏರುತ್ತಿದೆಯೆಂದು ಒಂದು ಸಂಜೆ ಅವರು ಕೂಗಿದ ಕೂಗಿಗೆ ಕೆಳಗಿನ ಕೇರಿಯವರೆಲ್ಲ ಮಕ್ಕಳುಮರಿ ಕಟ್ಟಿಕೊಂಡು ದಿಬ್ಬ ಹತ್ತಿದರು. ಒಂದು ಕರುವೂ ಕೊಚ್ಚಿಹೋಗಲಿಲ್ಲ. ಅವರ ಮಗ, ಅಂದರೆ ಮೇಡಂ ಅವರ ಅಜ್ಜ, ತರಕಾರಿ ಮಂಡಿಯಲ್ಲಿ ಹರಾಜು ಕೂಗಿದರು. ಕುಂಬಳಕಾಯಿಯನ್ನು ಅವರು ಹೊಗಳುವ ವೈಖರಿಗೆ ಕೊಳ್ಳಲು ಬಂದವನು ತನ್ನ ಹಿತ್ತಲಲ್ಲೂ ಕುಂಬಳದ ಬಳ್ಳಿ ಇರುವುದನ್ನು ಮರೆತು ಗಾಡಿ ತುಂಬಿಸಿಕೊಂಡು ಹೋಗುತ್ತಿದ್ದ. ಅಪ್ಪ ಬಸ್ ನಿಲ್ದಾಣದಲ್ಲಿ ಅನೌನ್ಸರ್. ಕರೆಂಟು ಹೋಗಿ ಮೈಕು ಸತ್ತರೆ ಬೆಂಚು ಹತ್ತಿ ನಿಂತು ಕೂಗುತ್ತಿದ್ದರು. ಕೇಳಿಸಲಿಲ್ಲವೆಂದು ಬಸ್ಸು ತಪ್ಪಿಸಿಕೊಂಡವನನ್ನು ನಾನಂತೂ ಕಂಡಿಲ್ಲ. ಅವರದೊಂದು ಅಭ್ಯಾಸವಿತ್ತು. ಒಂದು ಬಸ್ಸು ಹೋಗಿ ಇನ್ನೊಂದು ಬರುವ ತನಕ ಬಾಯಿ ತುಂಬ ನೀರು ಹಿಡಿದು ಕೂರುವರು. ಹರಟೆಗೆ ಬಂದವರಿಗೆ ಕೈಸನ್ನೆಯಲ್ಲೇ ಉತ್ತರ. ಕೂಗುವ ಗಂಟಲನ್ನು ಹರಟೆಯಲ್ಲಿ ಸವೆಸಬಾರದೆಂಬ ಲೆಕ್ಕಾಚಾರ.

ಇಂಥ ಮನೆಯ ಮಗಳು ಇಂಗ್ಲಿಷ್ ಟೀಚರಾದರೆ ಪಾಠ ಹೇಗಿದ್ದೀತು? ಹತ್ತನೇ ತರಗತಿ ಎ ಸೆಕ್ಷನ್ನಿನ ಪಾಠ ಶಾಲೆಯ ಗೇಟಿನಾಚೆ ಸೈಕಲ್ ರಿಪೇರಿ ಮಾಡುವವನಿಗೂ ಬಾಯಿಪಾಠವಾಗಿತ್ತು. ಮೇಡಂ ಒಂದು ಸಾಲು ಓದುವರು, ಇಡೀ ತರಗತಿ ಒಕ್ಕೊರಲಿನಿಂದ ಅದನ್ನೇ ಹೇಳುವುದು, ಕಿಟಕಿಯ ಗಾಜು ಗಡಗಡ ಎನ್ನುವುದು. ಪತ್ರ ಬರೆಸುವುದೂ ಹಾಗೆಯೇ. "ಡಿಪೋ ಮ್ಯಾನೇಜರು ಇಲ್ಲೇ ನಿಂತಿದಾನೆ ಅಂದ್ಕೊ. ನಿನ್ ಬಸ್ಸು ದಿನಾ ನಿಲ್ಲಿಸ್ದೆ ಹೋಗ್ತಿದೆ. ಬಯ್ಯಿ ಅವನ್ನ, ಇಂಗ್ಲಿಷಲ್ಲೇ ಬಯ್ಯಿ!" ಹುಡುಗ ಎದ್ದು ನಿಂತು ತನಗೆ ಬಂದಷ್ಟು ಇಂಗ್ಲಿಷಿನಲ್ಲಿ ಬಯ್ಯಬೇಕು. ಬಯ್ದಾದ ಮೇಲೆ ಅದನ್ನೇ ಮರ್ಯಾದೆಯ ಮಾತಿನಲ್ಲಿ ಬರೆಯಬೇಕು. ಮಕ್ಕಳು ಇಟ್ಟ ಕಂಚಿನ ಮೇಡಂ ಎಂಬ ಹೆಸರು ಅವರಿಗೂ ಗೊತ್ತಿತ್ತು. ಒಳಗೊಳಗೇ ಹಿಗ್ಗಿಯೂ ಇದ್ದರು.

ಆ ಹಿಗ್ಗಿಗೆ ತಣ್ಣೀರು ಸುರಿದವರು ಬಿ ಸೆಕ್ಷನ್ನಿಗೆ ಹೊಸದಾಗಿ ಬಂದ ಇಂಗ್ಲಿಷ್ ಟೀಚರು. ತೆಳ್ಳನೆಯ ಹೆಂಗಸು, ಮಾತು ಅದಕ್ಕಿಂತ ತೆಳು. ಎದುರಿಗೇ ಕೂತರೂ ಕಿವಿ ಮುಂದೆ ಚಾಚಬೇಕು. ಮಕ್ಕಳು ಅವರಿಗೆ ಪಿಸು ಮೇಡಂ ಎಂದು ಹೆಸರಿಟ್ಟರು. ಮೊದಲ ವಾರ ಕಂಚಿನ ಮೇಡಂ ಈ ಹೊಸಬರನ್ನು ಕಂಡು ಅಯ್ಯೋ ಪಾಪ ಎಂದುಕೊಂಡಿದ್ದರು. ಮೊದಲ ಟೆಸ್ಟಿನಲ್ಲಿ ಓದಿ ಉತ್ತರಿಸುವ ಭಾಗದಲ್ಲಿ ಬಿ ಸೆಕ್ಷನ್ ಮುಂದೆ ಹೋದದ್ದೇ ತಡ, ಪಾಪ ಎಲ್ಲೋ ಹೋಗಿ ಹೊಟ್ಟೆಯಲ್ಲಿ ಹಸಿಮೆಣಸಿನಕಾಯಿ ಅರೆಯುವುದಕ್ಕೆ ಶುರುವಾಯಿತು.

ಅದಕ್ಕೆ ಉಪ್ಪು ಸೇರಿಸುತ್ತಿದ್ದವಳು ಅವರ ಸ್ವಂತ ಮಗಳು. ಹೆತ್ತವರ ತರಗತಿಯಲ್ಲಿ ಮಕ್ಕಳು ಕೂರಬಾರದೆಂಬುದು ಆ ಶಾಲೆಯ ಕಟ್ಟಳೆ. ಹಾಗಾಗಿ ಅವಳದು ಬಿ ಸೆಕ್ಷನ್ನು.

"ಅಮ್ಮ, ನಮ್ ಮಿಸ್ಸು ಇವತ್ತು ಏನ್ ಹೇಳಿದ್ರು ಗೊತ್ತಾ?"

"ನಮ್ ಮಿಸ್ಸಂತೆ! ಒಂಬತ್ತು ತಿಂಗಳು ಹೊತ್ತವಳು ಮಿಸ್ಸಲ್ವೇನೇ?"

"ನೀನು ಎ ಸೆಕ್ಷನ್ ಮಿಸ್ಸು."

"ಅವ್ರು ಹೇಳಿದ್ದು ನಿಂಗೆ ಹೆಂಗೆ ಕೇಳಿಸ್ತು? ಇರುವೆ ಕೆಮ್ಮಿದ ಹಂಗೆ ಮಾತಾಡ್ತಾರೆ."

"ಅದಕ್ಕೇ ನಾವೆಲ್ಲ ಉಸಿರು ಬಿಗಿ ಹಿಡಿದು ಕೇಳ್ತೀವಿ ಕಣಮ್ಮ."

ಇದನ್ನೆಲ್ಲ ಮೇಡಂ ಅವರೇ ಪಕ್ಕದ ಮನೆಯ ನಮ್ಮ ಜಗಲಿಯ ಮೇಲೆ ಕೂತು ಹೇಳಿದ್ದು. ಹೊಟ್ಟೆಕಿಚ್ಚನ್ನು ಮುಚ್ಚಿಡುವ ಜಾಯಮಾನವೇ ಅವರದಲ್ಲ.

ಬಿಡುವಿನ ಪೀರಿಯಡ್ ಬಂದರೆ ಸಾಕು, ಬಿ ಸೆಕ್ಷನ್ನಿನ ಹಿಂದಿನ ಕಿಟಕಿಯ ಬಳಿ ದಾಸವಾಳದ ಗಿಡಕ್ಕೆ ನೀರು ಹಾಕುವ ನೆಪ. ಗಿಡದ ಬುಡ ಕೆಸರಾಯಿತೇ ಹೊರತು ಮೇಡಂ ಅವರಿಗೆ ಒಳಗಿನ ಗುಟ್ಟು ದಕ್ಕಲಿಲ್ಲ. ಒಳಗೆ ಸದ್ದೇ ಇಲ್ಲ. ಮಕ್ಕಳು ತುಟಿ ಮುಚ್ಚಿ, ಪೆನ್ಸಿಲ್ ಹಿಡಿದು, ತಲೆ ತಗ್ಗಿಸಿ ಕೂತಿದ್ದಾರೆ. ಸ್ವಲ್ಪ ಹೊತ್ತಾದ ಮೇಲೆ ಪುಸ್ತಕ ಮಡಚಿ ಪಕ್ಕದವರ ಕಿವಿಯಲ್ಲಿ ಏನೋ ಪಿಸುಗುಡುತ್ತಾರೆ. "ಇದು ಕ್ಲಾಸೋ ಮೀನಿನ ತೊಟ್ಟಿಯೋ!" ಎಂದು ಗೊಣಗಿಕೊಂಡು ಮೇಡಂ ತಿರುಗಿ ಬರುವರು. ಮರುದಿನ ಮತ್ತೆ ಗಿಡಕ್ಕೆ ಬಾಯಾರಿಕೆ.

ದೊಡ್ಡ ಪರೀಕ್ಷೆಗೆ ಮುಂಚೆ ಹೆಡ್‌ಮಾಸ್ಟರು ಒಂದು ತಾಲೀಮು ಪರೀಕ್ಷೆ ಇಟ್ಟರು. ದೊಡ್ಡ ಪರೀಕ್ಷೆಯಲ್ಲಿ ಇರುವಂತೆಯೇ ಮೊದಲು ಕಾಣದ ಒಂದು ಗದ್ಯ, ಅದನ್ನು ಓದಿ ಉತ್ತರ. ಆಮೇಲೆ ಒಂದು ಪತ್ರ, ಒಂದು ಪ್ರಬಂಧ. ಎರಡೂ ಸೆಕ್ಷನ್ನಿಗೆ ಒಂದೇ ಹಾಲ್. ಕಾವಲಿಗೆ ಹೆಡ್‌ಮಾಸ್ಟರೇ ನಿಂತರು. ಪ್ರಶ್ನೆಪತ್ರಿಕೆ ಕೈಗೆ ಬಂದದ್ದೇ ಎ ಸೆಕ್ಷನ್ನಿನ ಕಡೆಯಿಂದ ಗುಂಯ್ ಎಂಬ ಸದ್ದು ಎದ್ದಿತು. ಅವರು ಯಾರೂ ಕಾಪಿ ಹೊಡೆಯುತ್ತಿರಲಿಲ್ಲ, ಪಾಪ, ಓದುತ್ತಿದ್ದರು. ಬಾಯಿಬಿಡದೆ ಓದುವುದೆಂದರೆ ಏನೆಂದೇ ಅವರಿಗೆ ಗೊತ್ತಿರಲಿಲ್ಲ. ಹೆಡ್‌ಮಾಸ್ಟರು ಮೇಜು ಗುದ್ದಿ "ಬಾಯಿ ಮುಚ್ಚಿ!" ಎಂದರು. ಬಾಯಿ ಮುಚ್ಚಿತು; ಅದರ ಜೊತೆ ಕಣ್ಣಿಗೂ ಕದ ಹಾಕಿದಂತಾಯಿತು. ಅಕ್ಷರ ಕಾಣುತ್ತದೆ, ಅರ್ಥ ಒಳಗೆ ಬರುವುದಿಲ್ಲ. ಓದಿನ ಭಾಗದಲ್ಲಿ ಅರ್ಧ ಮಕ್ಕಳು ಖಾಲಿ ಹಾಳೆ ಬಿಟ್ಟು ಬಂದರು. ಪತ್ರ ಮಾತ್ರ ಎಲ್ಲರೂ ಜೋರಾಗಿ ಜಡಿದಿದ್ದರು.

ಹೆಡ್‌ಮಾಸ್ಟರು ಸ್ಟಾಫ್ ರೂಮಿನಲ್ಲಿ ಎಲ್ಲರ ಎದುರೇ ಹೇಳಿಬಿಟ್ಟರು. "ಮೇಡಂ, ಇನ್ಮೇಲೆ ಪರೀಕ್ಷೆ ತನಕ ನಿಮ್ಮ ಮಕ್ಕಳೂ ಬಿ ಸೆಕ್ಷನ್ ಮೇಡಂ ಹತ್ರ ಕೂತ್ಕೊಳ್ಲಿ."

ಪಿಸು ಮೇಡಂ ತಲೆಯೆತ್ತಿ ಮೆಲ್ಲನೆ "ನಂಗೇನೂ ತೊಂದ್ರೆ ಇಲ್ಲ ಅಕ್ಕ, ಕಳಿಸಿ" ಎಂದರು.

ಆ 'ಅಕ್ಕ' ಎಂಬುದೇ ಕಾದ ಸೂಜಿಯಾಗಿ ಚುಚ್ಚಿತು. ಕಂಚಿನ ಮೇಡಂ ಎದ್ದು ನಿಂತರು. "ಸರ್, ಬರೋ ಶನಿವಾರ ಇನ್ನೊಂದ್ಸಲ ಪರೀಕ್ಷೆ ಇಡಿ. ಅವತ್ತೂ ನನ್ ಮಕ್ಕಳು ಗುಂಯ್ ಅಂದ್ರೆ, ಬೆಂಚಿನ ಸಮೇತ ಎತ್ಕೊಂಡು ಹೋಗಿ. ನಾನು ಐದನೇ ಕ್ಲಾಸಿಗೆ ಎ ಬಿ ಸಿ ಡಿ ಹೇಳ್ಕೊಂಡಿರ್ತೀನಿ."

ಆಡಿದ್ದೇನೋ ಆಡಿದರು. ಸದ್ದಿಲ್ಲದೆ ಓದಿಸುವುದನ್ನು ಅವರಿಗೂ ಯಾರೂ ಕಲಿಸಿರಲಿಲ್ಲ. ಅವರೇ ಪೇಪರ್ ಓದಿದರೆ ನಮ್ಮ ಮನೆಗೂ ಸುದ್ದಿ ತಿಳಿಯುತ್ತಿತ್ತು. ಅವತ್ತು ಅವರು ಮನೆಗೆ ಬಂದಾಗ ಮಗಳು ಅಡುಗೆಮನೆಯ ಬಾಗಿಲಲ್ಲಿ ನಿಂತು ಪುಸ್ತಕ ಓದುತ್ತಿದ್ದಳು. ಆಟವಾಡಿ ಬಂದು ಚೊಂಬಿನಿಂದ ನೀರು ಬಾಯಿಗೆ ಸುರಿದುಕೊಂಡಿದ್ದಳು, ಕತೆ ರುಚಿ ಹತ್ತಿ ನುಂಗುವುದನ್ನೇ ಮರೆತಿದ್ದಳು. ಕೆನ್ನೆ ಎರಡೂ ಉಬ್ಬಿದ್ದವು, ಕಣ್ಣು ಮಾತ್ರ ಸಾಲಿನಿಂದ ಸಾಲಿಗೆ ಓಡುತ್ತಿತ್ತು.

"ಏನೇ ಅದು, ನಿಮ್ಮಜ್ಜನ ಥರ!" ಎಂದ ಮೇಡಂ ಅಲ್ಲೇ ನಿಂತುಬಿಟ್ಟರು. ಬಸ್ ನಿಲ್ದಾಣದ ಬೆಂಚು, ಅಪ್ಪನ ಉಬ್ಬಿದ ಕೆನ್ನೆ ಕಣ್ಣ ಮುಂದೆ ಬಂದವು. ಮಗಳ ಕೈಯಿಂದ ಚೊಂಬು ಕಿತ್ತುಕೊಂಡು ತಾವೂ ಬಾಯಿ ತುಂಬ ನೀರು ತುಂಬಿಕೊಂಡರು. ಪೇಪರ್ ಬಿಡಿಸಿ ಕೂತರು. ಮೊದಲ ಸಾಲಿಗೇ ಸೀರೆ ಒದ್ದೆಯಾಯಿತು. ಮೂರನೆಯ ಸುದ್ದಿಯ ಹೊತ್ತಿಗೆ ತುಟಿ ಅಲ್ಲಾಡುವುದು ನಿಂತಿತ್ತು.

ಮರುದಿನ ಎ ಸೆಕ್ಷನ್ನಿನ ಮಕ್ಕಳೆಲ್ಲ ನೀರಿನ ಬಾಟಲಿ ಮುಂದಿಟ್ಟುಕೊಂಡು ಕೂತರು. "ಬಾಯಿ ತುಂಬ ನೀರು. ನುಂಗೋ ಹಾಗಿಲ್ಲ, ಉಗುಳೋ ಹಾಗಿಲ್ಲ. ಈ ಪುಟ ಮುಗಿಯೋ ತನಕ ಕಣ್ಣಷ್ಟೇ ಕೆಲಸ ಮಾಡ್ಬೇಕು. ತುಳುಕಿಸಿದವರು ನೆಲ ಒರೆಸ್ಬೇಕು." ಮೊದಲ ದಿನ ಹಿಂದಿನ ಬೆಂಚಿನವನಿಗೆ ನಗು ತಡೆಯಲಾರದೆ ಮುಂದಿನ ಬೆಂಚಿಗೆಲ್ಲ ಅಭಿಷೇಕ. ಎರಡನೆಯ ದಿನ ಶಾಲೆಯ ಜವಾನ ಬಂದು "ಮೇಡಂ, ಇದು ಇಂಗ್ಲಿಷ್ ಪಾಠನೋ ಈಜು ಪಾಠನೋ?" ಎಂದು ಕೇಳಿಹೋದ. ಆಮೇಲಾಮೇಲೆ ನೆಲ ಒಣಗುತ್ತ ಬಂದಿತು.

ಆದರೆ ತುಟಿ ನಿಂತರೇನು, ಅರ್ಥ ಒಳಗೆ ಇಳಿಯಬೇಕಲ್ಲ? ಮೇಡಂ ಮತ್ತೆ ದಾಸವಾಳದ ಗಿಡಕ್ಕೆ ನೀರು ಹೊತ್ತರು. ಈ ಸಲ ಮಕ್ಕಳ ಪಿಸುಗುಟ್ಟುವಿಕೆಗೆ ಕಿವಿಗೊಟ್ಟರು. ಓದಿದ್ದನ್ನು ಅವರು ಪುಸ್ತಕ ಮುಚ್ಚಿ ತಮ್ಮ ಮಾತಿನಲ್ಲಿ ಪಕ್ಕದವರಿಗೆ ಹೇಳುತ್ತಿದ್ದರು, ಅಷ್ಟೇ. ಅಷ್ಟನ್ನು ತಾನು ಯೋಚಿಸಲಿಲ್ಲವಲ್ಲ ಎಂದು ಮೇಡಂ ಅವರ ಹೊಟ್ಟೆ ಇನ್ನೊಂದು ಸುತ್ತು ಉರಿಯಿತು. ಉರಿದರೂ ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದರು. ತಮ್ಮ ತರಗತಿಯಲ್ಲಿ ಅದಕ್ಕೆ ತಮ್ಮದೇ ಒಗ್ಗರಣೆ. ಪುಟ ಮುಗಿದ ಮೇಲೆ ನೀರು ಗುಟುಕರಿಸಿ, ಓದಿದ್ದೇನೆಂದು ಎದ್ದು ನಿಂತು ಕೂಗಿ ಹೇಳಬೇಕು. ಸೈಕಲ್ ರಿಪೇರಿಯವನಿಗೆ ಮತ್ತೆ ಪಾಠ ಕೇಳಿಸತೊಡಗಿತು.

ಶನಿವಾರ ಹೆಡ್‌ಮಾಸ್ಟರು ಹಾಲಿನಲ್ಲಿ ಎರಡು ಸುತ್ತು ಹಾಕಿದರು. ಫ್ಯಾನಿನ ಕಿರುಗುಟ್ಟುವಿಕೆ ಬಿಟ್ಟರೆ ಸದ್ದಿಲ್ಲ. ಎ ಸೆಕ್ಷನ್ನಿನ ಮಕ್ಕಳ ಬಾಯಲ್ಲಿ ಅವತ್ತು ನೀರಿರಲಿಲ್ಲ, ಆದರೂ ರೂಢಿಗೆ ಕೆನ್ನೆ ಉಬ್ಬಿಸಿಕೊಂಡು ಕೂತಿದ್ದರು. "ಏನ್ರೀ ಇದು, ಎಲ್ಲರಿಗೂ ಹಲ್ಲುನೋವಾ?" ಎಂದು ಹೆಡ್‌ಮಾಸ್ಟರು ಕೇಳಿದ್ದಕ್ಕೆ ಬಾಗಿಲಲ್ಲಿ ನಿಂತಿದ್ದ ಮೇಡಂ, "ಓದ್ತಿದಾರೆ ಸರ್, ಮಾತಾಡಿಸ್ಬೇಡಿ" ಎಂದರು. ಎ ಸೆಕ್ಷನ್ ಅವರ ಕೈಯಲ್ಲೇ ಉಳಿಯಿತು.

ದೊಡ್ಡ ಪರೀಕ್ಷೆಯ ಫಲಿತಾಂಶ ಬಂದಾಗ ಎ ಸೆಕ್ಷನ್ನಿನಲ್ಲಿ ಇಂಗ್ಲಿಷಿಗೆ ಯಾರೂ ಡುಮ್ಕಿ ಹೊಡೆದಿರಲಿಲ್ಲ. ಬರವಣಿಗೆಯಲ್ಲಿ ಅವರದೇ ಮೇಲುಗೈ. ಓದಿನಲ್ಲಿ ಮಾತ್ರ ಬಿ ಸೆಕ್ಷನ್ ಇನ್ನೂ ಒಂದು ಕೈ ಮುಂದೆ. ಮಗಳೂ ಓದಿನಲ್ಲಿ ಚೆನ್ನಾಗಿ ಮಾಡಿ, ಪತ್ರದಲ್ಲಿ ಸಪ್ಪೆಯಾಗಿದ್ದಳು. "ಪತ್ರ ಬರೆಯೋದು ನಿನ್ ಹತ್ರ ಕಲೀಬೇಕಿತ್ತಮ್ಮ" ಎಂದಳು. ಮೇಡಂ ಅವಳನ್ನು ಬಾಚಿ ತಬ್ಬಿಕೊಂಡರು. ಮರುಗಳಿಗೆ "ಹಾಗಾದ್ರೆ ಓದೋದು?" ಎಂದು ಕೇಳಿದರು. ಮಗಳು ಜಾಣೆ, ಮಾತು ತಿರುಗಿಸಿದಳು.

ಆ ಸಂಜೆ ಪಿಸು ಮೇಡಂ ತಾವೇ ಕಂಚಿನ ಮೇಡಂ ಅವರ ಮನೆಗೆ ಬಂದರು. ನಾನೂ ಅಲ್ಲಿದ್ದೆ. ಕಾಫಿ ಲೋಟ ಕೆಳಗಿಟ್ಟು, ಎಂದಿನ ತೆಳುದನಿಯಲ್ಲಿ ಅವರು ಹೇಳಿದರು. "ಅಕ್ಕ, ಮುಂದಿನ ವರ್ಷ ನಿಮ್ಮ ಸೆಕ್ಷನ್ನಿಗೂ ಓದೋ ಭಾಗ ನಾನೇ ಮಾಡ್ಲಾ? ನಿಮಗೂ ಗಂಟಲಿಗೆ ಆರಾಮ. ನೀವು ಕಿಟಕಿ ಹತ್ರ ನಿಂತ್ಕೊಳ್ಳೋದೂ ಬೇಡ."

ಕಂಚಿನ ಮೇಡಂ ಅವರ ಮುಖ ಒಮ್ಮೆ ಕೆಂಪಾಯಿತು. ಆಮೇಲೆ ಮನೆಯ ಸೂರು ಹಾರುವ ಹಾಗೆ ನಕ್ಕರು.

"ಬೇಡ ತಂಗಿ, ಖಂಡಿತ ಬೇಡ. ಇಷ್ಟು ವರ್ಷ ಹೊಟ್ಟೆಕಿಚ್ಚು ಪಡೋದಕ್ಕೆ ಯಾರೂ ಇಲ್ದೆ ಹೇಳಿದ್ದನ್ನೇ ಹೇಳ್ಕೊಂಡು ಕೂತಿದ್ದೆ. ಈ ವರ್ಷ ನಿನ್ನ ನೋಡಿ ಉರ್ಕೊಂಡು ಉರ್ಕೊಂಡು ಹೊಸದಾಗಿ ಪಾಠ ಕಲಿತೆ. ನೀನೇ ಬಂದು ನನ್ ಮಕ್ಕಳಿಗೆ ಓದಿಸಿಬಿಟ್ರೆ ನಾನು ಯಾರನ್ನ ನೋಡಿ ಉರ್ಕೊಳ್ಲಿ? ನನ್ ಮಕ್ಕಳನ್ನ ನಾನೇ ನೋಡ್ಕೋತೀನಿ. ನೀನು ನಿನ್ ಕ್ಲಾಸಿನ ಹಿಂದಿನ ಕಿಟಕಿ ಮಾತ್ರ ಮುಚ್ಚಬೇಡ."