ಅರ್ಧಕ್ಕೇ ನಿಲ್ಲುತ್ತಿದ್ದ ಇಂಗ್ಲಿಷ್ ಹಾಡು

ಅಪ್ಪ ಗುಂಡ್ಲುಪೇಟೆಯಿಂದ ಕೇರಳಕ್ಕೆ ಈರುಳ್ಳಿ ಲಾರಿ ಓಡಿಸುತ್ತಿದ್ದರು. ಒಂದು ಸಲ ಅಲ್ಲಿ ಯಾರೋ ಕೊಟ್ಟರೆಂದು ಕ್ಯಾಸೆಟ್ ತಂದರು. ಅದರ ತುಂಬ ಮಲಯಾಳಂ ಹಾಡುಗಳು, ಕೊನೆಯಲ್ಲಿ ಮಾತ್ರ ಒಂದು ಇಂಗ್ಲಿಷ್ ಹಾಡು. ಅದೂ ಪೂರ್ತಿ ಇರಲಿಲ್ಲ. ಎರಡನೆಯ ಚರಣ ಶುರುವಾಗುತ್ತಿದ್ದಂತೆ ಟೇಪು ಮುಗಿದು ಟಕ್ಕೆಂದು ನಿಲ್ಲುತ್ತಿತ್ತು.

ನನಗೂ ಅಕ್ಕನಿಗೂ ಅದರ ಹುಚ್ಚು ಹಿಡಿಯಿತು. ತಬಲ, ಪಿಟೀಲು ಏನೂ ಇಲ್ಲ, ಎಲ್ಲ ಕೀಬೋರ್ಡಿನದೇ ಸದ್ದು. ಕೆಳಗೆ ಯಂತ್ರದ ಹಾಗೆ ಒಂದೇ ಸಮ ಬಡಿಯುವ ತಾಳ, ಮೇಲೆ ತಣ್ಣಗೆ ಮಿನುಗುವ ನಾಲ್ಕೇ ಸ್ವರ. ಹಾಡುವ ಹೆಂಗಸು ಅಳುತ್ತಿರಲಿಲ್ಲ, ಗೋಗರೆಯುತ್ತಿರಲಿಲ್ಲ. ಯಾರಿಗೋ ಬಸ್ಸಿನ ಹೊತ್ತು ಹೇಳುವವಳ ಹಾಗೆ ಹಾಡುತ್ತಿದ್ದಳು. ಇಂಗ್ಲಿಷ್ ತಿಳಿಯದ ನಾವು ಬಾಯಿಗೆ ಬಂದ ಮಾತು ಸೇರಿಸಿ ಹಾಡುತ್ತಿದ್ದೆವು. ಟೇಪು ನಿಂತ ಮೇಲೆ ಮುಂದೇನಿರಬಹುದೆಂದು ಅಕ್ಕ ರಾಗ ಕಟ್ಟುತ್ತಿದ್ದಳು, ದಿನಕ್ಕೊಂದು ಥರ.

ಮದುವೆಯಾಗಿ ಅವಳು ಚಾಮರಾಜನಗರಕ್ಕೆ ಹೋದಳು, ಅಲ್ಲಿ ಬ್ಲೌಸ್ ಹೊಲಿಯುವ ಅಂಗಡಿ ಇಟ್ಟಳು. ಎರಡು ವರ್ಷದ ಹಿಂದೆ ಮೆದುಳು ಜ್ವರ ಬಂತು. ಜೀವ ಉಳಿಯಿತು, ಎರಡೂ ಕಿವಿ ಹೋದವು. ಮೈಸೂರಿನಲ್ಲಿ ಕಿವಿಗೆ ಮಿಷನ್ನು ಹಾಕಿ ನೋಡಿದರು, ಪ್ರಯೋಜನವಾಗಲಿಲ್ಲ. ಈಗ ನಮ್ಮ ತುಟಿ ನೋಡಿ ಮಾತು ತಿಳಿದುಕೊಳ್ಳುತ್ತಾಳೆ.

ಮೊನ್ನೆ ಗುಂಡ್ಲುಪೇಟೆಯ ಬೇಕರಿಯಲ್ಲಿ ಟೀ ಕುಡಿಯುತ್ತಿದ್ದೆ. ಮಾಲೀಕನ ಮೊಬೈಲಿನಿಂದ ಆ ನಾಲ್ಕು ಸ್ವರ ಬಂದವು. ಟೇಪು ನಿಲ್ಲುತ್ತಿದ್ದ ಜಾಗ ದಾಟಿ ಹಾಡು ಮುಂದಕ್ಕೆ ಹೋಯಿತು. ಲೋಟ ಕೆಳಗಿಟ್ಟು, ಆ ಹಾಡು ನನಗೂ ಬೇಕೆಂದೆ. ಅವನು ವಿಡಿಯೋವನ್ನೇ ನನ್ನ ಮೊಬೈಲಿಗೆ ಕಳಿಸಿದ.

ಭಾನುವಾರ ಅಕ್ಕನ ಅಂಗಡಿಗೆ ಹೋಗಿ ತೋರಿಸಿದೆ. ನೀರಿಲ್ಲದ ಈಜುಕೊಳ, ತಳದಲ್ಲಿ ಒಣಗಿದ ಎಲೆ. ಗಂಡಸರ ಕೋಟು ತೊಟ್ಟ ಹೆಂಗಸು ನಿಂತು ಹಾಡುತ್ತಾಳೆ. ಪಕ್ಕದಲ್ಲಿ ಒಬ್ಬ ಕೀಬೋರ್ಡ್ ನುಡಿಸುತ್ತಾನೆ. ಇಬ್ಬರೂ ಒಮ್ಮೆಯೂ ನಗುವುದಿಲ್ಲ. ಅರ್ಧ ಹಾಡಿಗೆ ಕೊಳದೊಳಗೆ ನೀರು ಬರತೊಡಗುತ್ತದೆ. ಸೊಂಟದವರೆಗೆ ಏರಿದರೂ ಅವರು ಕದಲುವುದಿಲ್ಲ.

"ಇವ್ಳೇನ್ಲಾ ಅವ್ಳು?" ಎಂದಳು ಅಕ್ಕ. ಹೂಂ ಎಂದು ತಲೆಯಾಡಿಸಿದೆ.

"ನೀರು ಬತ್ತದಲ್ಲ, ಅಲ್ಲಿ ರಾಗ ಏನಾಯ್ತದೆ?"

"ತಾಳ ನಿಂತೋಯ್ತದೆ ಅಕ್ಕ. ಒಂದೇ ಒಂದು ಸ್ವರ ಉಳ್ಕತದೆ."

"ಎಂಗದೆ ಅದು?"

ಅವಳ ಮುಂಗೈ ಮೇಲೆ ಬೆರಳಿನಿಂದ ತಾಳ ತಟ್ಟಿ, ಅದು ನಿಲ್ಲುವಲ್ಲಿ ಒಂದೇ ಬೆರಳು ಒತ್ತಿ ಹಿಡಿದೆ. ಅಕ್ಕ ಕಣ್ಣು ಮುಚ್ಚಿ ನೋಡಿದಳು.

"ಬುಡ್ಲಾ. ನಿನ್ ಬೆರಳು ತಾಕ್ತಾ ಅದೆ, ಅಷ್ಟೆಯ."

ಮತ್ತೆ ಮೊದಲಿಂದ ಹಾಕಿಸಿಕೊಂಡಳು. ನಮ್ಮ ಆ ಹಳೆಯ ತೊದಲು ಮಾತುಗಳನ್ನು ತುಟಿಯಲ್ಲೇ ಹಾಡತೊಡಗಿದಳು. ಅವಳು ತಾಳಕ್ಕಿಂತ ತುಂಬ ಹಿಂದಿದ್ದಳು. ಕೊಳದ ಹೆಂಗಸು ಬಾಯಿ ಮುಚ್ಚಿದ ಮೇಲೂ ಅಕ್ಕನ ತುಟಿ ಆಡುತ್ತಿತ್ತು. ಅವಳಿಗೂ ಅದು ಕಂಡಿರಬೇಕು, ಮಧ್ಯದಲ್ಲೇ ನಿಲ್ಲಿಸಿದಳು.

"ಮೊದಲ್ನೇ ಅರ್ಧ ತಲೆವೊಳಗೆ ಅದೆ ಅನ್ಕಂಡಿದ್ದೆ ಕಣ್ಲಾ. ಅದೂವೆ ಅಳಿಸೋಗದೆ. ನಿನ್ ದನಿ ಎಂಗಿತ್ತು ಅಂತ್ಲೂ ನೆಪ್ಪಿಗೆ ಬರಾಕಿಲ್ಲ."

ಅಷ್ಟರಲ್ಲಿ ಯಾರೋ ಬ್ಲೌಸಿನ ಅಳತೆ ಕೊಡಲು ಬಂದರು. ಅಕ್ಕ ಮೊಬೈಲನ್ನು ನನ್ನ ಕೈಗಿಟ್ಟು ಎದ್ದಳು. ವಾಪಸು ಬರುವಾಗ ಬಸ್ಸಿನಲ್ಲಿ ಇಯರ್‌ಫೋನ್ ಹಾಕಿಕೊಂಡೆ. ಆ ಹಾಡನ್ನು ಒತ್ತಲು ಆಗಲಿಲ್ಲ. ತೆರಕಣಾಂಬಿ ದಾಟುವವರೆಗೂ ಹಾಗೇ ಕೂತಿದ್ದು, ಆಮೇಲೆ ತೆಗೆದು ಜೇಬಿಗೆ ಹಾಕಿಕೊಂಡೆ.