ತೊಗರಿ ಕಟ್ಟಿಗೆಯ ಕಣಜ

ಪಡಸಾಲೆಯಲ್ಲಿ ಅವತ್ತು ನಾವು ನಾಲ್ಕು ಜನ: ಹೆಣೆಯುತ್ತಿದ್ದ ನಮ್ಮತ್ತೆ, ಕಡ್ಡಿ ಸೀಳಿಕೊಡುತ್ತಿದ್ದ ಮಾವ, ನೀರು ಚಿಮುಕಿಸುತ್ತಿದ್ದ ನಾನು, ಮಾತಾಡಲೆಂದೇ ಬಂದು ಕೂತಿದ್ದ, ನಾವು ಖಾಲಾ ಎನ್ನುತ್ತಿದ್ದ ಪಕ್ಕದ ಮನೆಯ ಚಿಕ್ಕಮ್ಮ. ನಾನು ಸೊಸೆಯಾಗಿ ಸಿಂದಗಿ ಸೀಮೆಯ ಆ ಊರಿಗೆ ಬಂದ ಎರಡನೆಯ ವರ್ಷ ಅದು.

ತೊಗರಿ ಬಡಿದ ಮೇಲೆ ಉಳಿಯುವ ಕಟ್ಟಿಗೆಗೆ ನಮ್ಮ ಕಡೆ ಒಲೆಯೇ ಗತಿ. ಅತ್ತೆ ಆ ವರ್ಷ ಹೊಲ ಹೊಲ ತಿರುಗಿ, ಬಾಗುವಂಥ ಹಸಿ ಕಡ್ಡಿ ಆರಿಸಿ ತಂದು ಹಳ್ಳದಲ್ಲಿ ನೆನೆಹಾಕಿದ್ದರು. ಯಾರೂ ಬೇಡವೆನ್ನಲಿಲ್ಲ. ಬುಟ್ಟಿ ಹೆಣೆದು ಅವರ ಕೈ ಪಳಗಿತ್ತು. ಕಣಜ ಮಾತ್ರ ಅದೇ ಮೊದಲು. ಮೋರಟಗಿಯ ರೈತರೊಬ್ಬರು ಜೋಳ ತುಂಬಿಡಲು ಆಳೆತ್ತರದ್ದು ಬೇಕೆಂದು ಹೇಳಿಹೋಗಿದ್ದರು.

ಸುಗ್ಗಿ ಮುಗಿದರೆ ಮಳೆಗಾಲದ ತನಕ ಕೂಲಿ ಇಲ್ಲ. ಹಿಂದಿನ ಬೇಸಗೆ ಅತ್ತೆ, ಮಾವ ಇಬ್ಬರೂ ಬಾಗೇವಾಡಿ ಕಡೆ ರಸ್ತೆಗೆ ಕಲ್ಲು ಒಡೆಯಲು ಹೋಗಿ, ಚೂರು ಸಿಡಿದು ಮಾವನ ಒಂದು ಕಣ್ಣು ಮಂಜಾಗಿತ್ತು.

“ಈ ಸಲ ಕಲ್ಲಿನ ಮಾರಿ ನೋಡೂದಿಲ್ಲ. ತೊಗರಿ ಕಟಗಿನ ನಮ್ಮನ್ನ ಸಾಕತಾವು,” ಎಂದಿದ್ದರು ಅತ್ತೆ.

ಬಿಸಿಲಿಗೆ ಕಡ್ಡಿ ಒಣಗಿ ಪಟಪಟ ಮುರಿಯುತ್ತದೆ. ಅದಕ್ಕೇ ಮನೆಯೊಳಗೆ, ನೆರಳಲ್ಲಿ ಹೆಣೆದದ್ದು. ಐದನೆಯ ದಿನ ಅಂಚು ಕಟ್ಟಿ ಮುಗಿಸಿ ಅತ್ತೆ ಸುತ್ತ ಒಂದು ಸಲ ನಡೆದು ನೋಡಿದರು. ಬಸುರಿಯ ಹೊಟ್ಟೆಯ ಹಾಗೆ ನಡುವೆ ತುಂಬಿಕೊಂಡು ಚೆಂದವಾಗಿತ್ತು.

ಖಾಲಾ ಎಲೆಅಡಿಕೆ ಅಗಿಯುತ್ತ ಕಣಜ ನೋಡಿದರು, ಬಾಗಿಲು ನೋಡಿದರು.

“ಅಲ್ಲ ಯಕ್ಕಾ, ಇದನ್ನ ಹೊರಗ ಹೆಂಗ ಒಯ್ತೀ?”

ಮಾವ ಎದ್ದು, ಎರಡೂ ತೋಳು ಚಾಚಿ ಕಣಜದ ಅಗಲ ಹಿಡಿದು, ಹಾಗೇ ಬಾಗಿಲಿಗೆ ನಡೆದರು. ಮೊಣಕೈ ಎರಡೂ ಚೌಕಟ್ಟಿಗೆ ಬಡಿದವು.

“ಐದು ದಿನ ಇಲ್ಲೇ ಕುಂತಿದ್ದಿ. ಮೊದಲ ಹೇಳಾಕ ನಿನಗೇನಾಗಿತ್ತ?” ಅತ್ತೆ ಖಾಲಾ ಮೇಲೆ ಹರಿಹಾಯ್ದರು.

“ನಾ ನಿನ್ನ ಕೈ ನೋಡಕೋಂತ ಕುಂತಿದ್ನೆವಾ. ಬಾಗಲಾ ಯಾರ ನೋಡತಾರ?”

“ಚೌಕಟ್ಟ ಕಿತ್ತರಾತು. ನಾಳೆ ಆ ಮನಷ್ಯಾ ಬಂಡಿ ತರತಾನ,” ಅಂದರು ಮಾವ.

ನಾನು ಮೆಲ್ಲಗೆ, “ಅವರ ಮನಿ ಬಾಗಲಾನೂ ಇಷ್ಟ ಇದ್ರ ಹೆಂಗ್ರಿ ಅತ್ತಿ?” ಎಂದೆ.

ಖಾಲಾ ನಕ್ಕು ನಕ್ಕು ಕೆಮ್ಮಿದರು. ಅತ್ತೆ ನಗಲಿಲ್ಲ. ಒಂದು ಕಡ್ಡಿಯನ್ನು ಬಗ್ಗಿಸುತ್ತ, ಬಿಡುತ್ತ, ಹಳ್ಳದಲ್ಲಿ ಇನ್ನೆಷ್ಟು ಹೊರೆ ಕಡ್ಡಿ ಉಳಿದಿದೆ ಎಂದು ನನ್ನನ್ನು ಕೇಳಿದರು.

ಮರುದಿನ ಬಂಡಿ ಬಂತು. ಅತ್ತೆ ಅಂಗಳಕ್ಕಿಳಿದು ನೇರವಾಗಿ ಕೇಳಿದರು:

“ಅಣ್ಣಾರ, ನಿಮ್ಮ ಬಾಗಲಾ ಎಷ್ಟ ಅಗಲ ಐತ್ರಿ?”

ಆ ರೈತರು ಒಳಗೆ ಇಣುಕಿದರು. ರುಮಾಲು ಜಾರುವಷ್ಟು ನಕ್ಕರು.

“ನನ್ನ ಬಾಗಲದಾಗ ಎಮ್ಮಿನೂ ಓರಿಯಾಗಿ ಬರತೈತ್ರಿ.”

“ಹಂಗಾರ ಇದು ನಮ್ಮ ಮನ್ಯಾಗ ಇರಲಿ. ಹಳ್ಳದಾಗಿನ ಕಡ್ಡಿ ಹೊರಿ ಬಂಡ್ಯಾಗ ಹೇರ್ರಿ. ನಿಮ್ಮ ಪಡಸಾಲ್ಯಾಗ ಕುಂತ ಹೆಣೀತೇನಿ. ಅಷ್ಟ ದಿನದ ಊಟ ನಿಮ್ದು.”

“ಆತು, ಬರ್ರಿ. ನಮ್ಮಾಕಿ ಪದೇಪದೇ ಬಂದು ತಪ್ಪ ತಗೀತಾಳ, ತಡಕೋಬೇಕ ನೀವು.”

“ತಗೀಲಿ ಬಿಡ್ರಿ. ಈಗ ನನಗ ದೊಡ್ಡ ತಪ್ಪ ಮಾಡಿ ರೂಢಿ ಐತಿ.”

ಮೋರಟಗಿಯಲ್ಲಿ ಹೆಣೆಯುವುದನ್ನು ನೋಡಲು ಅಕ್ಕಪಕ್ಕದವರು ಸೇರಿದರು. ಅಲ್ಲಿಂದ ಇನ್ನೊಂದು ಮನೆ, ಆಮೇಲೆ ಇನ್ನೊಂದು ಊರು. ಮಾವನ ಮಂಜುಗಣ್ಣಿಗೂ ಕಡ್ಡಿ ಸೀಳುವ ಕೆಲಸ ಕಷ್ಟವಾಗಲಿಲ್ಲ. ಬೆರಳೇ ದಾರಿ ಹಿಡಿಯುತ್ತಿತ್ತು.

ಬೇಸಗೆ ಕಾವೇರಿದ ಮೇಲೆ, ಕಲ್ಲಿನ ಕೆಲಸಕ್ಕೆ ಜನ ಕೂಡಿಸುವ ಮೇಸ್ತ್ರಿ ನಮ್ಮ ಮನೆಗೂ ಬಂದ. ಅತ್ತೆ, ಮಾವ ನಾಲತವಾಡಕ್ಕೆ ಕಣಜ ಹೆಣೆಯಲು ಹೋಗಿದ್ದಾರೆ, ವಾರ ಬಿಟ್ಟು ಬರುತ್ತಾರೆ ಎಂದೆ. ಒಂದು ತಂಬಿಗೆ ನೀರು ಕುಡಿದು ಮುಂದಿನ ಮನೆಗೆ ಹೋದ.