ಹರಕೆ ದೀಪದ ಬಳೆ

ಹಬ್ಬಕ್ಕೆ ಹಿತ್ತಾಳೆ ಪಾತ್ರೆ ಬೆಳಗೋಣವೆಂದು ಅಟ್ಟದ ಮೇಲಿನ ಡಬ್ಬ ಇಳಿಸಿದರೆ, ತಳದಲ್ಲಿ ಆ ಬಳೆ ಸಿಕ್ಕಿತು. ಕೈಗೆ ತೊಡುವ ಬಳೆಯಲ್ಲ. ಒಂದು ಗೇಣಗಲದ ಹಿತ್ತಾಳೆ ಬಳೆ, ಮೋಟಾರ್ ಸೈಕಲ್ಲಿನ ದೀಪದ ಗಾಜನ್ನು ಅಲ್ಲಾಡದಂತೆ ಹಿಡಿದು ಕೂರಿಸುವಂಥದ್ದು. ಹುಣಿಸೆಹಣ್ಣು ಹಾಕಿ ತಿಕ್ಕುವಾಗ ಬೆಸುಗೆಯ ಗಂಟು ಬೆರಳಿಗೆ ತಾಕಿತು. ಹುಳಿಯ ಜೊತೆ ಹಿತ್ತಾಳೆಯ ಆ ಕಮಟು ವಾಸನೆ ಮೂಗಿಗೆ ಬಡಿದದ್ದೇ ತಡ, ಹೊಳೆನರಸೀಪುರದ ಲಾಂದ್ರದಕ್ಕ ಎದುರಿಗೇ ಬಂದು ಕೂತ ಹಾಗಾಯಿತು...

ಲಾಂದ್ರದಕ್ಕ ನಮ್ಮ ಎದುರುಮನೆಯವಳು. ಗಂಡ ತೀರಿಹೋದ ಮೇಲೆ ಲಾಂದ್ರ ರಿಪೇರಿಯ ಅಂಗಡಿಯನ್ನು ತಾನೇ ನಡೆಸುತ್ತಿದ್ದಳು. ಹೆಂಗಸು ಬೆಸುಗೆ ಹಾಕುವುದುಂಟೇ ಎಂದು ಮೂಗು ಮುರಿದವರೆಲ್ಲ ಕಡೆಗೆ ಸೋರುವ ಕೊಡ ಹೊತ್ತುಕೊಂಡು ಅವಳ ಜಗಲಿಗೇ ಬರುತ್ತಿದ್ದರು. ಬಾಯಿ ಬಲು ಜೋರು. ನನ್ನ ಬಾಯೇನು ಕಮ್ಮಿಯೇ? ಅದಕ್ಕೇ ನಮ್ಮಿಬ್ಬರಿಗೂ ಚೆನ್ನಾಗಿ ಹೊಂದಿಕೊಂಡಿತ್ತು.

ಅವಳಿಗೆ ಒಬ್ಬನೇ ಮಗ. ಯುದ್ಧ ಶುರುವಾದ ಮೇಲೆ ಲಾರಿ ಓಡಿಸಲು ಮಿಲಿಟರಿ ಸೇರಿ ಬರ್ಮಾ ಕಡೆಗೆ ಹೋಗಿದ್ದ. ಹೋಗುವ ಮುಂಚೆ ಅಂಗಡಿಯ ಗೋಡೆಗೆಂದು ಒಂದು ದೀಪ ಮಾಡಿಟ್ಟಿದ್ದ. ಮುಂದೆ ದುಂಡನೆಯ ಗಾಜು, ಗಾಜಿನ ಸುತ್ತ ಹಿತ್ತಾಳೆ ಬಳೆ. ಮೊಮ್ಮಗ ಮನೆಗೆ ಬರುವ ತನಕ ಒಂದು ಸಂಜೆಯೂ ತಪ್ಪದೆ ಅದನ್ನು ಹಚ್ಚುತ್ತೇವೆಂದು ಲಾಂದ್ರದಕ್ಕನ ಅತ್ತೆ ಮನೆದೇವರಿಗೆ ಹರಕೆ ಹೊತ್ತಿದ್ದರು. ಸೀಮೆಎಣ್ಣೆಗೆ ಊರೆಲ್ಲ ಬಾಯಿ ಬಾಯಿ ಬಿಡುತ್ತಿದ್ದ ಕಾಲದಲ್ಲೂ ಆ ದೀಪ ತಪ್ಪಿರಲಿಲ್ಲ. ಎಣ್ಣೆ ಸಾಲದ ದಿನ ಮನೆಯೊಳಗೆ ಕತ್ತಲಲ್ಲೇ ಉಂಡು, ಜಗಲಿಯ ದೀಪ ಹಚ್ಚುತ್ತಿದ್ದರು.

ನಮ್ಮ ಯಜಮಾನರು ಡಾಕ್ಟರು. ಹಳ್ಳಿಗಳಿಗೆ ಓಡಾಡಲು ಒಂದು ಮೋಟಾರ್ ಸೈಕಲ್ಲು ಇತ್ತು. ಬೆಳಕು ಆಕಾಶಕ್ಕೆ ಹೋಗದಂತೆ ಗಾಡಿಗಳ ದೀಪಕ್ಕೆಲ್ಲ ತಗಡಿನ ಟೋಪಿ ಹಾಕಬೇಕೆಂದು ಆಗ ಹುಕುಂ ಬಂದಿತ್ತು. ನಮ್ಮೂರಿನ ಮೇಲೆ ಬಾಂಬು ಹಾಕಲು ಜಪಾನಿನವರಿಗೇನು ಹುಚ್ಚೇ ಎಂದು ನಾವು ನಗುತ್ತಿದ್ದೆವು. ಅರಕಲಗೂಡು ರಸ್ತೆಯ ಗೇಟಿನಲ್ಲಿದ್ದ ಪೊಲೀಸಿನವನು ಮಾತ್ರ ನಗುತ್ತಿರಲಿಲ್ಲ. ಟೋಪಿಯಿಲ್ಲದ ಗಾಡಿ ಯಾರದೇ ಆಗಲಿ, ಸಂಜೆಯಾದ ಮೇಲೆ ಬಿಡುತ್ತಿರಲಿಲ್ಲ. ನಮ್ಮ ಗಾಡಿಯದು ಇನ್ನೊಂದು ಫಜೀತಿ. ಹಿರೀಸಾವೆಯ ಹತ್ತಿರ ಬಿದ್ದಾಗ ದೀಪದ ಬಳೆ ಮುರಿದುಹೋಗಿ, ಗಾಜು ಮನೆಯಲ್ಲಿತ್ತು. ಬಳೆಯಿಲ್ಲದೆ ಗಾಜೂ ನಿಲ್ಲದು, ಟೋಪಿಯೂ ಕೂರದು. ಯಜಮಾನರು ಹಗಲು ಹೊತ್ತಿನಲ್ಲಿ ಮಾತ್ರ ಓಡಾಡುತ್ತಾ ಕಾಲ ತಳ್ಳುತ್ತಿದ್ದರು.

ಹೀಗಿರುವಾಗ ಒಂದು ಶುಕ್ರವಾರ, ಹೊತ್ತು ಇಳಿಯುತ್ತಿತ್ತು. ಪೆಟ್ರೋಲಿಲ್ಲದ ಆ ಕಾಲದಲ್ಲಿ ಇದ್ದಿಲು ಉರಿಸಿ ಓಡಿಸುತ್ತಿದ್ದ ಕೊಣನೂರು ಬಸ್ಸಿನ ಕ್ಲೀನರು ಓಡೋಡಿ ಬಂದ. ನನ್ನ ತಂಗಿಯನ್ನು ಕೊಣನೂರಿಗೆ ಕೊಟ್ಟಿತ್ತು; ಚೊಚ್ಚಲು ಬಸುರಿ.

"ಮಗಾ ಅಡ್ಡ ತಿರುಗ್ಬುಟ್ಟದಂತೆ ಸಾ. ಸೂಲಗಿತ್ತಿ ತನ್ ಕೈಲಾಗಾಕಿಲ್ಲ ಅಂದ್ಬುಟ್ಲಂತೆ. ಬಿರ್ನೆ ಬರ್ಬೇಕಂತೆ" ಎಂದ. ಆ ಬಸ್ಸು ಮತ್ತೆ ಹೊರಡುವುದು ಮರುದಿನ ಬೆಳಿಗ್ಗೆ.

ಯಜಮಾನರು ಗಾಡಿಯನ್ನು ಎದುರು ಜಗಲಿಗೆ ತಳ್ಳಿದರು. ನಾನು ಗಾಜನ್ನು ಸೆರಗಿನಲ್ಲಿ ಸುತ್ತಿಕೊಂಡು ಹಿಂದೆಯೇ ಓಡಿದೆ. ವಿಷಯ ಕೇಳಿ ಲಾಂದ್ರದಕ್ಕ ಗಾಡಿಯ ದೀಪದ ಬಾಯಿಯ ಸುತ್ತ ಬೆರಳಾಡಿಸಿದಳು.

"ಟೋಪಿ ಬುಡಿ ಸಾ, ಎಣ್ಣೆ ಡಬ್ಬ ಕುಯ್ದು ಮಾಡ್ಬುಡ್ತೀನಿ. ಬಳೆಗೇನ್ ಮಾಡ್ಲಿ? ತಗಡಿನ್ದು ಆ ಗುಂಡಿ ರಸ್ತೇಲಿ ತಡೆಯಾಕಿಲ್ಲ. ಇತ್ತಾಳೆ ಅಂದ್ರೆ ಆಸನದ ಪ್ಯಾಟೇಲೇ ಒಂದ್ ಚೂರು ಸಿಕ್ತಿಲ್ಲ."

ನನ್ನ ಕಣ್ಣು ಗೋಡೆಯ ಕಡೆ ಹೋಯಿತು. ಶಿವನಾಣೆ, ನಾನು ಬಾಯಿ ಬಿಡಲಿಲ್ಲ. ಅದನ್ನು ಕೇಳುವ ಬಾಯಿ ಯಾರಿಗಿದ್ದೀತು? ಲಾಂದ್ರದಕ್ಕ ನನ್ನ ಮುಖ ನೋಡಿದಳು, ಗೋಡೆ ನೋಡಿದಳು. ಮಣೆ ಎಳೆದುಕೊಂಡು ಹತ್ತಿ ಹರಕೆಯ ದೀಪವನ್ನು ಕೆಳಗಿಳಿಸಿದಳು.

ಬತ್ತಿ ಹೊಸೆಯುತ್ತಾ ಒಳಗೆ ಕೂತಿದ್ದ ಅತ್ತೆ ಹೊಸ್ತಿಲಿಗೆ ಬಂದವರೇ ಕೂಗಿಕೊಂಡರು. "ಅಯ್ಯೋ ಮುಂಡೇದೆ, ಅಚ್ಚೋ ಒತ್ನಲ್ಲಿ ದೀಪ ಬಿಚ್ತಿಯಲ್ಲೇ! ನನ್ ಮೊಮ್ಮಗ ಅಲ್ಲಿ ಗುಂಡಿನ ಬಾಯಲ್ಲವ್ನೆ ಕಣೇ!"

"ನಂಗೂ ಮಗಾನೇ ಕಣತ್ತೆ. ಸುಮ್ಕಿರಿ ವಸಿ" ಎಂದು ಲಾಂದ್ರದಕ್ಕ ತಗಡು ಕತ್ತರಿ ಕೈಗೆತ್ತಿಕೊಂಡಳು.

ಬಳೆ ಕೊಂಚ ದೊಡ್ಡದಿತ್ತು. ಒಂದು ಕಡೆ ಕತ್ತರಿಸಿ, ಬಿಗಿದು, ಬೆಸುಗೆ ಹಾಕಬೇಕು. ಕೆಂಡ ಊದಿ ಊದಿ ಅವಳ ಕಣ್ಣು ಕೆಂಪಾದವು. ಬೀದಿಯಲ್ಲಿ ಒಂದೊಂದೇ ಮನೆಯಲ್ಲಿ ದೀಪ ಹೊತ್ತಿಕೊಳ್ಳುತ್ತಿದ್ದವು. ಅತ್ತೆ ಹೊಸ್ತಿಲಲ್ಲೇ ಕುಸಿದು ಕೂತು ಮೊಮ್ಮಗನ ಹೆಸರು ಹಿಡಿದು ಅಳುತ್ತಿದ್ದರು. ಅಳು ಕೇಳಿಸದವಳ ಹಾಗೆ ಲಾಂದ್ರದಕ್ಕ ಎಣ್ಣೆ ಡಬ್ಬದ ತಗಡನ್ನು ಬಗ್ಗಿಸಿ ಟೋಪಿ ಮಾಡಿದಳು, ಅದಕ್ಕೆ ಹೊಗೆಮಸಿ ಬಳಿದಳು. ಕೊನೆಗೆ ಗಾಜಿನ ಅಂಚಿಗೆ ನೂಲು ಸುತ್ತಿ, ಬಳೆಯನ್ನು ಮೇಲಿಟ್ಟು ಎರಡೂ ಅಂಗೈಯಿಂದ ಒತ್ತತೊಡಗಿದಳು. ಗಾಜು ಬಿರಿದರೆ ಊರಲ್ಲೆಲ್ಲೂ ಇನ್ನೊಂದಿರಲಿಲ್ಲ. ಟಕ್ ಎಂದು ಶಬ್ದವಾಯಿತು. ನಾನು ಕಣ್ಣು ಮುಚ್ಚಿಕೊಂಡುಬಿಟ್ಟೆ.

"ಕಣ್ ಬುಡವ್ವ. ಬಳೆ ಕೂತ್ಕತು" ಎಂದಳು.

ಯಜಮಾನರು ಗಾಡಿ ಶುರು ಮಾಡಿದರು. ಟೋಪಿಯ ಕೆಳಗಿಂದ ಬೆಳಕು ಚಕ್ರದ ಮುಂದಿನ ಮಣ್ಣಿನ ಮೇಲೆ ಬಿತ್ತು. ಸದ್ದು ಅರಕಲಗೂಡು ರಸ್ತೆಯ ಕಡೆ ಹೋಗಿ ಅಡಗುವ ತನಕ ಲಾಂದ್ರದಕ್ಕ ಬೀದಿಯಲ್ಲೇ ನಿಂತಿದ್ದಳು. ಬಳೆಯಿಲ್ಲದೆ ಅವಳ ದೀಪಕ್ಕೆ ಗಾಜು ನಿಲ್ಲುವಂತಿರಲಿಲ್ಲ; ಇದ್ದ ತಗಡೂ ಟೋಪಿಗೇ ಮುಗಿದಿತ್ತು; ಗಾಳಿ ಬೇರೆ ಬೀಸುತ್ತಿತ್ತು. ನಮ್ಮ ಮನೆಯ ಲಾಂದ್ರವನ್ನಾದರೂ ತಂದಿಡಲೇ ಎಂದು ಕೇಳಿದೆ.

"ಬ್ಯಾಡ ಕಣವ್ವ. ಅರಕೆ ಒತ್ತಿದ್ದು ಈ ದೀಪಕ್ಕೆ. ಓಗು, ನಿನ್ ತಂಗಿಗೋಸ್ಕರ ದೇವ್ರ ಮುಂದೆ ದೀಪ ಅಚ್ಚು."

ಅವತ್ತು ಇಡೀ ಬೀದಿಯಲ್ಲಿ ಕತ್ತಲಾಗಿದ್ದುದು ಅವಳ ಜಗಲಿಯೊಂದೇ.

ಮಾರನೆಯ ದಿನ ಯಜಮಾನರು ಬಂದರು. ತಾಯಿ ಉಳಿದಿದ್ದಳು, ಹೆಣ್ಣುಮಗು ಉಳಿದಿತ್ತು. ಲಾಂದ್ರದಕ್ಕ ಬಾಯಿತುಂಬ ನಕ್ಕು, ಬಳೆ ಅಲ್ಲಾಡಲಿಲ್ಲ ತಾನೇ ಎಂದು ಕೇಳಿದಳು. ಸಂಜೆಯೊಳಗೆ ಎಲ್ಲಿಂದಲೋ ತಗಡು ಹುಡುಕಿ ತಂದು ಹರಕೆಯ ದೀಪಕ್ಕೆ ಒಂದು ತಗಡಿನ ಬಳೆ ಮಾಡಿ ಹಾಕಿ, ಎಂದಿನಂತೆ ಹಚ್ಚಿದಳು.

ತಂಗಿ ಇನ್ನೂ ಬಾಣಂತಿ. ಅಷ್ಟರಲ್ಲೇ ಎದುರುಮನೆಗೆ ಮಿಲಿಟರಿಯಿಂದ ತಂತಿ ಬಂತು.

ಅತ್ತೆಯ ಗೋಳು ಊರಿಗೆಲ್ಲ ಕೇಳಿಸಿತು. "ಒಂದಿನ ಕತ್ಲು ಮಾಡುದ್ಲು, ನನ್ ಕೂಸ್ನ ಕಳ್ಕಂಡ್ಲು" ಎಂದು ಎದೆ ಎದೆ ಬಡಿದುಕೊಂಡರು. ಬೀದಿಯ ಹೆಂಗಸರೂ ಹೌದು ಹೌದೆಂದು ತಲೆಯಾಡಿಸಿದರು. ಅವರ ನಾಲಿಗೆ ಸೇದಿಹೋಗ! ನಾನು ಮೂಲೆಯಲ್ಲಿ ನಿಂತಿದ್ದೆ. ಜನ ಕರಗಿದ ಮೇಲೆ ಲಾಂದ್ರದಕ್ಕ ನನ್ನನ್ನು ಹತ್ತಿರ ಕರೆದಳು.

"ಒಂದಿನ ಅಚ್ಚಲಿಲ್ಲ ಅಂತ ದೇವ್ರು ಮುನ್ಸ್ಕಂಡ ಅಂತಾರೆ. ಅಷ್ಟ್ ದಿನ ಅಚ್ಚುದ್ನಲ್ಲವ್ವ, ಅದ್ನ ಅವ್ನು ಕಾಣ್ನಿಲ್ವಾ?"

ನಾನು ಅವಳ ಕೈ ಹಿಡಿದುಕೊಂಡು ಅತ್ತುಬಿಟ್ಟೆ. ಅವಳೇ ಸೆರಗಿನಿಂದ ನನ್ನ ಕಣ್ಣೊರೆಸಿದಳು.

"ನಿನ್ ತಂಗಿ ಕಿವಿಗೆ ಇದ್ನ ಆಕ್ಬ್ಯಾಡ ಕಣೆ. ಅಸಿ ಬಾಣ್ತಿ, ಎದೆ ಆಲು ಬತ್ತೋಯ್ತದೆ."

ನಾನು ಹಾಕಲಿಲ್ಲ. ತಂಗಿಯ ಮಗಳು ಮದುವೆಯಾಗಿ ಮಕ್ಕಳನ್ನು ಹೆತ್ತ ಮೇಲೂ ಹೇಳಲಿಲ್ಲ. ಗಾಡಿಯನ್ನು ಚನ್ನರಾಯಪಟ್ಟಣದವರಿಗೆ ಮಾರಿದಾಗ ಈ ಬಳೆಯೊಂದನ್ನು ಬಿಚ್ಚಿಸಿ ಇಟ್ಟುಕೊಂಡೆ. ಅದನ್ನು ಹಿಂದಕ್ಕೆ ಕೊಡೋಣವೆಂದು ಹೋದರೆ ಲಾಂದ್ರದಕ್ಕ ಕೈಯಲ್ಲೂ ಮುಟ್ಟಲಿಲ್ಲ, ನಿನ್ನತ್ರವೇ ಇರಲಿ ಎಂದಳು. ಈಗ ಅವಳಿಲ್ಲ. ನನ್ನ ತಂಗಿಯೂ ಇಲ್ಲ.

ಇವತ್ತು ಪಾತ್ರೆ ಬೆಳಗಲು ನನ್ನ ಜೊತೆ ಕೂತವಳು ಆ ತಂಗಿಯ ಮಗಳೇ. ತಲೆ ಅರ್ಧ ನೆರೆತಿದ್ದರೂ ಹುಡುಗಾಟ ಬಿಟ್ಟಿಲ್ಲ. ಬಳೆಯನ್ನು ಕಸಿದು ಕೈಗೆ ತೂರಿಸಿಕೊಂಡು, "ಇದ್ಯಾವ ರಾಕ್ಷಸೀದು ದೊಡ್ಡಮ್ಮಾ?" ಎಂದು ನಕ್ಕಳು.

"ನೀನು ಹುಟ್ಟಲಿ ಅಂತ ಒಬ್ಬಳು ತನ್ನ ಮಗನ ದೀಪದಿಂದ ಬಿಚ್ಚಿಕೊಟ್ಟಿದ್ದು ಕಣೇ" ಎಂದೆ. ಆಮೇಲೆ ಎಲ್ಲವನ್ನೂ ಹೇಳಿದೆ.

ಅವಳು ಬಳೆಯನ್ನು ಕೈಯಿಂದ ತೆಗೆದು ಮಡಿಲಲ್ಲಿಟ್ಟುಕೊಂಡಳು. ಹೊರಗೆ ಕತ್ತಲಾಗುತ್ತಿತ್ತು. ಸ್ವಿಚ್ಚು ಕೈಗೆಟುಕುವ ಹಾಗೇ ಇತ್ತು. ದೀಪ ಹಾಕಲು ನಾನೂ ಏಳಲಿಲ್ಲ, ಅವಳೂ ಏಳಲಿಲ್ಲ.